ಅಂಗಳದಲ್ಲಿ ಪೆಟ್ರೋಲ್ ವಾಸನೆ

ತುಳಸಿ ಮದುವೆಯ ಸಂಜೆ. ಅಂಕೋಲಾ ತಾಲ್ಲೂಕಿನ ಅವರ್ಸಾದಲ್ಲಿ ಅಕ್ಕನ ಮನೆ. ಅಂಗಳಕ್ಕೆ ಸಗಣಿ ಸಾರಿಸಿ, ತುಳಸಿಕಟ್ಟೆಗೆ ಕಬ್ಬು, ನೆಲ್ಲಿಯ ಟೊಂಗೆ ಕಟ್ಟಿ, ನೆಲದ ಮೇಲೆ ಸಾಲಾಗಿ ಹಣತೆ ಇಟ್ಟಾಗಿತ್ತು. ಎಣ್ಣೆ ಬಿಟ್ಟು ಬತ್ತಿ ಹಾಕಿದ್ದೂ ಮುಗಿದಿತ್ತು. ಕಡ್ಡಿ ಗೀರುವುದೊಂದು ಬಾಕಿ. ಅಷ್ಟರಲ್ಲಿ ಭಾವನಿಗೆ ಪೇಟೆಯಿಂದ ಹೂ ತರುವುದು ಮರೆತದ್ದು ನೆನಪಾಯಿತು. ಜೂನ್‌ನಿಂದ ಜಗಲಿಯ ಬದಿಗೆ ತಾಡಪತ್ರಿ ಹೊದ್ದು ನಿಂತಿದ್ದ ಹಳೆಯ ನೂರು ಸಿಸಿ ಬೈಕನ್ನು ಅಂಗಳಕ್ಕೆ ಇಳಿಸಿದರು, ಕಾಕ್ ತಿರುಗಿಸಿದರು, ನಾಲ್ಕೈದು ಸಲ ಕಿಕ್ ಹೊಡೆದರು. ಐದು ತಿಂಗಳು ಮಲಗಿದ ಗಾಡಿ ಅಷ್ಟು ಸುಲಭಕ್ಕೆ ಏಳುತ್ತದೆಯೇ?

"ತಮಾ, ಪೆಟ್ರೋಲ್ ವಾಸನೆ ಬರ್ತದಲ್ಲಾ?" ಎಂದರು.

ಬಗ್ಗಿ ನೋಡಿದೆ. ಟ್ಯಾಂಕಿನ ಕಾಕ್‌ನಿಂದ ಕಾರ್ಬೊರೇಟರಿಗೆ ಹೋಗುವ ಕರಿಯ ಪೈಪು, ಕಿರುಬೆರಳಿನಷ್ಟು ದಪ್ಪ. ಕಾಕ್‌ನ ಮೂತಿಗೆ ಸಿಕ್ಕಿಸಿದ ಜಾಗದಲ್ಲಿ ಕೂದಲೆಳೆಯಂಥ ನಾಲ್ಕಾರು ಬಿರುಕುಗಳು. ಒಂದರಿಂದ ಪೆಟ್ರೋಲ್ ಜಿನುಗಿ, ಪೈಪಿನ ಹೊಟ್ಟೆಯ ಮೇಲೆ ಹರಿದು, ಅತಿ ತಗ್ಗಿನ ಜಾಗದಲ್ಲಿ ಹನಿಗಟ್ಟಿ, ತೊಟ್ಟೆಂದು ನೆಲಕ್ಕೆ ಬೀಳುತ್ತಿತ್ತು. ಸಾರಿಸಿದ ನೆಲ ಅದನ್ನು ಕುಡಿದುಬಿಡುತ್ತಿತ್ತು. ನೋಡುವವರಿಗೆ ಅಲ್ಲೇನೂ ಇಲ್ಲ. ಅಕ್ಕ ಕಡ್ಡಿಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದಳು.

"ಅಕ್ಕಾ, ಗೀರಬೇಡ. ಅಲ್ಲೇ ನಿಲ್ಲು."

ಕಾಕ್ ಮುಚ್ಚಿ, ಬೈಕನ್ನು ತಳ್ಳಿಕೊಂಡು ಹೋಗಿ ದಣಪೆಯ ಆಚೆ, ಗದ್ದೆಯ ಅಂಚಿಗೆ ನಿಲ್ಲಿಸಿದೆವು. ಸಮುದ್ರದ ಗಾಳಿ ಬೀಸುತ್ತಿತ್ತು. ಮುಕ್ಕಾಲು ಗಂಟೆ ಕಾದು, ನೆಲದ ಹತ್ತಿರ ಮೂಗು ಹಿಡಿದು ನೋಡಿ, ಆಮೇಲೆ ದೀಪ ಹಚ್ಚಿದಳು ಅಕ್ಕ. ತುಳಸಿಗೆ ಆ ವರ್ಷ ಅಂಗಳದ ದಾಸವಾಳವೇ ಗತಿಯಾಯಿತು.

ಏನೂ ಆಗಲಿಲ್ಲ. ಆಗಬಹುದಾಗಿದ್ದದ್ದೇನು ಎಂಬ ಲೆಕ್ಕವನ್ನು ಮಾತ್ರ ಅಂದು ರಾತ್ರಿ ಊಟವಾದ ಮೇಲೆ ಭಾವನ ಎದುರು ಕೂತು ಹಾಕಿದೆ. ಈ ಅಧ್ಯಾಯ ಹುಟ್ಟಿದ್ದು ಆ ಲೆಕ್ಕದಿಂದ.

ಪೆಟ್ರೋಲ್ ಉರಿಯುವುದಿಲ್ಲ. ಉರಿಯುವುದು ಅದರ ಆವಿ. ದ್ರವದ ಮೇಲೆ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಎಷ್ಟು ಉಷ್ಣತೆಯಲ್ಲಿ ಏಳುತ್ತದೋ ಅದನ್ನು ಜ್ವಲನಬಿಂದು ಎನ್ನುತ್ತಾರೆ. ಪೆಟ್ರೋಲಿಗೆ ಅದು ಸೊನ್ನೆಗಿಂತ 43 ಡಿಗ್ರಿ ಸೆಲ್ಸಿಯಸ್ ಕೆಳಗೆ. ಹಿಮಾಲಯದ ಚಳಿಯಲ್ಲೂ ಅದು ಕಿಡಿಗೆ ಸಿದ್ಧವಾಗಿರುತ್ತದೆ ಎಂದಮೇಲೆ ಕಾರವಾರದ ಸೆಕೆಯಲ್ಲಿ ಕೇಳಬೇಕೇ? ಡೀಸೆಲ್ ಮತ್ತು ಸೀಮೆಎಣ್ಣೆಯ ಜ್ವಲನಬಿಂದು ಕನಿಷ್ಠ 35 ಡಿಗ್ರಿ ಇರಬೇಕು ಎಂಬುದು ನಮ್ಮ ದೇಶದ ಮಾನದಂಡ. ಹಾಗಾಗಿಯೇ 1934ರ ಪೆಟ್ರೋಲಿಯಂ ಕಾಯ್ದೆ ಪೆಟ್ರೋಲನ್ನು 'ಎ' ವರ್ಗಕ್ಕೂ ಅವೆರಡನ್ನು 'ಬಿ' ವರ್ಗಕ್ಕೂ ಹಾಕಿದೆ. ಹಾಗೆಂದು ಸೀಮೆಎಣ್ಣೆ ಸಾಧು ಎಂದುಕೊಳ್ಳಬಾರದು. ಬೈತಖೋಲದಲ್ಲೋ ಬೇಲೆಕೇರಿಯಲ್ಲೋ ಏಪ್ರಿಲ್ ಮಧ್ಯಾಹ್ನ ದಡಕ್ಕೆಳೆದ ನಾಡದೋಣಿಯ ಹಲಗೆ ಮುಟ್ಟಿ ನೋಡಿ, ಕೈ ಹಿಂದಕ್ಕೆ ಬರುತ್ತದೆ. 35 ಡಿಗ್ರಿಯನ್ನು ಅದು ಯಾವಾಗಲೋ ದಾಟಿರುತ್ತದೆ. ಅಲ್ಲಿ ಚೆಲ್ಲಿದ ಸೀಮೆಎಣ್ಣೆ ಪೆಟ್ರೋಲಿನ ಗುಣಕ್ಕೆ ಹತ್ತಿರ ಬಂದಿರುತ್ತದೆ.

ಈಗ ಲೆಕ್ಕ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆರಿದರೆ ಸುಮಾರು 200 ಲೀಟರ್ ಆವಿಯಾಗುತ್ತದೆ. ಗಾಳಿಯಲ್ಲಿ ಈ ಆವಿ ಶೇಕಡ 1.4ರಷ್ಟು ಸೇರಿದರೆ ಸಾಕು, ಹೊತ್ತಿಕೊಳ್ಳುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲ್ 14,000 ಲೀಟರ್ ಗಾಳಿಯನ್ನು ಬೆಂಕಿಗೆ ಹದ ಮಾಡಿಡಬಲ್ಲದು. ಸೆಕೆಂಡಿಗೊಂದು ಹನಿ, ಹನಿಗೆ ಮಿಲಿಲೀಟರಿನ ಐವತ್ತನೇ ಒಂದು ಪಾಲು ಎಂದು ಹಿಡಿದರೆ ಗಂಟೆಗೆ 72 ಮಿಲಿಲೀಟರ್, ರಾತ್ರಿ ಮಲಗಿ ಬೆಳಿಗ್ಗೆ ಏಳುವಷ್ಟರಲ್ಲಿ ಅರ್ಧ ಲೀಟರಿಗೂ ಹೆಚ್ಚು. ಬಾಗಿಲು ಹಾಕಿದ ಸಣ್ಣ ಕೋಣೆಯಲ್ಲಿ ಬೈಕು ನಿಲ್ಲಿಸಿದ್ದರೆ ಆ ಕೋಣೆಯ ಗಾಳಿಯ ಬಹುಭಾಗ ಕಿಡಿಗೆ ಕಾದು ಕೂತಿರುತ್ತದೆ.

ಆ ಕಿಡಿ ಎಷ್ಟು ದೊಡ್ಡದಿರಬೇಕು? ಒಂದು ಮಿಲಿಜೂಲ್‌ನ ಐದನೇ ಒಂದು ಪಾಲು. ಒಂದು ಅಕ್ಕಿಕಾಳನ್ನು ಮೀಟರ್ ಎತ್ತರದಿಂದ ಕೈಬಿಟ್ಟರೆ ನೆಲ ಮುಟ್ಟುವಾಗ ಅದಕ್ಕೆ ಇರುವ ಶಕ್ತಿ ಅಷ್ಟು. ಸ್ವಿಚ್ ಒತ್ತಿದಾಗ ಒಳಗೆ ಮಿಂಚುವುದು, ಫ್ರಿಜ್ ತನ್ನಷ್ಟಕ್ಕೆ ಚಾಲೂ ಆಗುವಾಗ ಸಿಡಿಯುವುದು, ಬಾವಿಯ ಪಂಪಿನ ಸ್ಟಾರ್ಟರ್ ಬಡಿದಾಗ ಹಾರುವುದು, ಎಲ್ಲವೂ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡ ಕಿಡಿಗಳು. ನೈಲಾನ್ ಬಟ್ಟೆ ಉಜ್ಜಿ ನಮ್ಮ ಮೈಯಲ್ಲಿ ಸೇರುವ ಸ್ಥಾಯೀ ವಿದ್ಯುತ್ತಿಗೂ ಅಷ್ಟು ತಾಕತ್ತಿದೆ. ಆ ಒಂದು ವಿಷಯದಲ್ಲಿ ಕರಾವಳಿಯವರು ಪುಣ್ಯವಂತರು, ಇಲ್ಲಿನ ತೇವದ ಗಾಳಿಯಲ್ಲಿ ಆ ವಿದ್ಯುತ್ತು ಹೆಚ್ಚು ಹೊತ್ತು ಮೈಮೇಲೆ ನಿಲ್ಲುವುದಿಲ್ಲ. ಆದರೆ ಪ್ಲಾಸ್ಟಿಕ್ ಬಕೆಟ್ಟಿಗೆ ಪೆಟ್ರೋಲ್ ಸುರಿದರೆ ಸುರಿಯುವ ಧಾರೆಯೇ ವಿದ್ಯುತ್ತನ್ನು ಹೊತ್ತು ತರುತ್ತದೆ, ಪ್ಲಾಸ್ಟಿಕ್ ಅದನ್ನು ನೆಲಕ್ಕೆ ಬಿಡುವುದಿಲ್ಲ. ಲೋಹದ ಡಬ್ಬಿ, ಅದೂ ನೆಲದ ಮೇಲೆ ಇಟ್ಟದ್ದು, ಇದಕ್ಕೆ ಸರಿ.

ಇನ್ನೊಂದು ಸಂಗತಿ ನಮ್ಮ ಕಡೆಯ ಮನೆಗಳ ರಚನೆಗೆ ಸಂಬಂಧಿಸಿದ್ದು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇಳುವುದಿಲ್ಲ, ನೀರಿನಂತೆ ತಗ್ಗು ಹುಡುಕಿಕೊಂಡು ಹೋಗುತ್ತದೆ. ಮನುಷ್ಯನ ಮೂಗು ಐದಡಿ ಮೇಲಿರುತ್ತದೆ, ಆವಿ ಪಾದದ ಮಟ್ಟದಲ್ಲಿ ಹರಿಯುತ್ತಿರುತ್ತದೆ. ಉತ್ತರ ಕನ್ನಡದ ಹಳ್ಳಿಮನೆಗಳಲ್ಲಿ ಬಚ್ಚಲ ಒಲೆ ಇರುವುದೂ ನೆಲದ ಮಟ್ಟದಲ್ಲೇ. ಹಂಡೆಯ ಅಡಿಯಲ್ಲಿ ತೆಂಗಿನ ಹೆಡೆಯ ಕೆಂಡ ದಿನವಿಡೀ ಜೀವ ಹಿಡಿದಿರುತ್ತದೆ. ಬೈಕು ನಿಲ್ಲಿಸುವ ಮಾಡು ಬಹಳ ಮನೆಗಳಲ್ಲಿ ಬಚ್ಚಲಿಗೆ ತಾಗಿಕೊಂಡೇ ಇರುತ್ತದೆ. ಹೊಸ ಮನೆಗಳಲ್ಲಿ ಆ ಜಾಗಕ್ಕೆ ಇನ್ವರ್ಟರ್ ಬಂದಿದೆ, ವ್ಯತ್ಯಾಸ ಅಷ್ಟೇ.

ಭಾರದ ಅನಿಲ ಎಂದರೇನು ಎಂಬುದು ಅಂಕೋಲೆಯವರಿಗೆ ಪುಸ್ತಕ ಓದಿ ತಿಳಿಯಬೇಕಾದ್ದಿಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಆಗ ಅಡುಗೆ ಅನಿಲದ ಟ್ಯಾಂಕರೊಂದು ಗಂಗಾವಳಿ ನದಿಗೆ ಬಿದ್ದು, ತೇಲಿಕೊಂಡು ಹೋಗಿ ಸಗಡಗೇರಿಯ ಬಳಿ ನಿಂತಿತು. ಅದರೊಳಗಿನ ಅನಿಲವನ್ನು ಪರಿಣತರು ಹೊರಬಿಡುವ ಮೊದಲು ದಡದ ಜನರನ್ನು ದೂರ ಕಳಿಸಬೇಕಾಯಿತು. ಅಡುಗೆ ಅನಿಲದಲ್ಲಿರುವ ಪ್ರೊಪೇನ್ ಗಾಳಿಯ ಒಂದೂವರೆ ಪಟ್ಟು, ಬ್ಯೂಟೇನ್ ಎರಡು ಪಟ್ಟು ಭಾರ. ಪೆಟ್ರೋಲಿನ ಆವಿ ಇವೆರಡಕ್ಕಿಂತಲೂ ಭಾರ. ಗಾತ್ರದಲ್ಲಿ ನಮ್ಮ ಬೈಕಿನ ಹನಿಗೂ ಆ ಟ್ಯಾಂಕರಿಗೂ ಹೋಲಿಕೆಯಿಲ್ಲ, ಸ್ವಭಾವ ಮಾತ್ರ ಒಂದೇ.

ಇಷ್ಟಾದ ಮೇಲೆ ಭಾವ ಕೇಳಿದ ಪ್ರಶ್ನೆ ನನಗೆ ಇನ್ನೂ ಹೆಚ್ಚು ಇಷ್ಟವಾಯಿತು. "ಮಳೆಗಾಲಕ್ಕೆ ನಿಲ್ಲಿಸುವಾಗ ಚಂದ ಇತ್ತು ಮಾರಾಯ. ಮಳೆ ತಾಗದ ಹಾಗೆ ಮುಚ್ಚಿಟ್ಟಿದ್ದೆ. ಓಡಿಸದ ಗಾಡಿಯ ಪೈಪು ಹಾಳಾಗೂದು ಎಂತಕ್ಕೆ?"

ಓಡಿಸದೇ ಇದ್ದದ್ದಕ್ಕೇ ಹಾಳಾಯಿತು. ರಬ್ಬರು ಪೈಪು ದಿನವೂ ಪೆಟ್ರೋಲ್ ಕುಡಿದು ಚೂರು ಉಬ್ಬಿಕೊಂಡಿರುತ್ತದೆ, ಅದನ್ನು ಮೆತ್ತಗಿಡಲು ಕಾರ್ಖಾನೆಯಲ್ಲಿ ಸೇರಿಸಿದ ಎಣ್ಣೆಯಂಶವನ್ನು ಪೆಟ್ರೋಲ್ ಮೆಲ್ಲಗೆ ತೊಳೆದುಕೊಂಡು ಹೋಗುತ್ತಿರುತ್ತದೆ. ಓಡುವ ಗಾಡಿಯಲ್ಲಿ ಉಬ್ಬು ಆ ಕೊರತೆಯನ್ನು ಮುಚ್ಚಿಡುತ್ತದೆ. ಗಾಡಿ ನಿಂತು, ಪೈಪಿನೊಳಗಿನ ಪೆಟ್ರೋಲ್ ಆರಿದಾಗ ರಬ್ಬರು ಕುಗ್ಗುತ್ತದೆ, ಬಿರುಸಾಗುತ್ತದೆ. ಕಾಕ್‌ನ ಮೂತಿಯ ಮೇಲೆ ಎಳೆದು ಕೂರಿಸಿದ ತುದಿ ಮೊದಲೇ ಬಿಗಿದುಕೊಂಡಿರುತ್ತದೆ. ಗಾಳಿಯಲ್ಲಿರುವ ಅತ್ಯಲ್ಪ ಓಝೋನ್ ಹೀಗೆ ಹಿಗ್ಗಿಸಿದ ರಬ್ಬರನ್ನೇ ಆರಿಸಿಕೊಂಡು ಕಡಿಯುತ್ತದೆ. ಬಿರುಕು ಯಾವಾಗಲೂ ತುದಿಯಲ್ಲೋ ಬಾಗಿದ ಜಾಗದಲ್ಲೋ ಕಾಣುವುದು ಈ ಕಾರಣಕ್ಕೆ. ನಡುವಿನ ನೆಟ್ಟಗಿನ ಭಾಗ ಹೊಸದರಂತೆ ಹೊಳೆಯುತ್ತ ನಮ್ಮನ್ನು ಮೋಸಗೊಳಿಸುತ್ತದೆ. ಗೋವೆಗೋ ಮುಂಬಯಿಗೋ ಹಡಗಿಗೋ ದುಡಿಯಲು ಹೋದವರ ಗಾಡಿಗಳು ಊರಲ್ಲಿ ತಿಂಗಳುಗಟ್ಟಲೆ ನಿಂತಿರುವ ಕಾರವಾರದ ಕಡೆ ಇದು ತೀರ ಸಾಮಾನ್ಯ.

ಕಾರುಗಳಲ್ಲಿ ಕತೆ ಬೇರೆ. ಹಳೆಯ ಕಾರುಗಳ ಹೊಟ್ಟೆಯಡಿ ಟ್ಯಾಂಕಿನಿಂದ ಎಂಜಿನ್‌ವರೆಗೆ ಉಕ್ಕಿನ ಸಣ್ಣ ಕೊಳವೆ ಹೋಗುತ್ತದೆ. ಅದರ ಶತ್ರು ಉಪ್ಪು. 1930ರಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ನಡೆದದ್ದು ಅಂಕೋಲೆಯಲ್ಲಿ. ಈ ಸೀಮೆಯಲ್ಲಿ ಉಪ್ಪು ಗದ್ದೆಗಳಲ್ಲಷ್ಟೇ ಇಲ್ಲ, ಗಾಳಿಯಲ್ಲೂ ಇದೆ. ತೆರೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಅತಿ ಸಣ್ಣ ಉಪ್ಪುನೀರ ಕಣಗಳು ಗಾಳಿಗೇರುತ್ತವೆ, ತೀರದ ಎಲ್ಲ ಲೋಹದ ಮೇಲೂ ಕೂರುತ್ತವೆ. ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೆಯುವುದನ್ನು ನೋಡಿದ್ದೀರಲ್ಲ? ಗಾಳಿಯ ತೇವಾಂಶ ಶೇಕಡ 75 ದಾಟಿದರೆ ಶುದ್ಧ ಉಪ್ಪು ತಾನೇ ನೀರನ್ನು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡ 33 ಸಾಕು. ಹಾಗಾಗಿ ಇಲ್ಲಿನ ಉಕ್ಕಿನ ಮೇಲೆ ವರ್ಷದ ಬಹುಪಾಲು ದಿನ ಕಣ್ಣಿಗೆ ಕಾಣದ ಉಪ್ಪುನೀರಿನ ಪದರವೊಂದು ಹಸಿಯಾಗಿಯೇ ಇರುತ್ತದೆ.

ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ, ಗಾಡಿ ತುಕ್ಕು ಹಿಡಿಯುವುದು ಮಳೆಯಿಂದ ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಮಳೆ ಬಾನೆಟ್ಟಿನ ಮೇಲಿನ ಉಪ್ಪನ್ನು ತೊಳೆದುಬಿಡುತ್ತದೆ, ಕಾರಿನ ಹೊಟ್ಟೆಯಡಿಯದ್ದನ್ನು ತೊಳೆಯುವುದಿಲ್ಲ. ಅಲ್ಲಿಗೆ ಚಕ್ರ ಎರಚಿದ ಕೆಸರು ಹೋಗಿ ಕೂರುತ್ತದೆ, ಕೆಸರಿನೊಳಗೆ ಉಪ್ಪು, ಉಪ್ಪಿನೊಳಗೆ ನೀರು. ಕೊಳವೆಯನ್ನು ಹಿಡಿದಿಡುವ ಕ್ಲಿಪ್ಪಿನ ಸಂದಿಯಂತೂ ತುಕ್ಕಿಗೆ ತವರುಮನೆ, ಒಮ್ಮೆ ಒದ್ದೆಯಾದರೆ ಆರುವುದೇ ಇಲ್ಲ. ಗಾಡಿಯ ಮೇಲ್ಭಾಗವನ್ನು ಶಾಂಪೂ ಹಾಕಿ ತಿಕ್ಕುವವರು ದೀಪಾವಳಿಯ ಹೊತ್ತಿಗೊಮ್ಮೆ ಕೆಳಗಡೆ ಬರಿಯ ಸಿಹಿನೀರು ಹಾಯಿಸಿದ್ದರೆ ಎಷ್ಟೋ ಕೊಳವೆಗಳು ಉಳಿಯುತ್ತಿದ್ದವು.

ಇಲಿಯನ್ನು ಮರೆತರೆ ಅದಕ್ಕೆ ಅನ್ಯಾಯ. ಜಡಿಮಳೆಯಲ್ಲಿ ಬಿಲಕ್ಕೆ ನೀರು ನುಗ್ಗಿದಾಗ ಅದು ಬೆಚ್ಚಗಿನ ಎಂಜಿನ್ ಮೇಲೆ ಬಂದು ಸಂಸಾರ ಹೂಡುತ್ತದೆ. ಬಾಚಿಹಲ್ಲು ಆಯುಷ್ಯವಿಡೀ ಬೆಳೆಯುವುದರಿಂದ ಏನನ್ನಾದರೂ ಕಡಿಯುತ್ತಲೇ ಇರಬೇಕು, ಹೊಸ ಕಾರುಗಳ ನೈಲಾನ್ ಕೊಳವೆ ಹಲ್ಲಿಗೆ ಹದವಾಗಿ ಸಿಗುತ್ತದೆ.

ಸೋರುವ ಜಾಗ ಸಿಕ್ಕಿದ ಮೇಲೆ ನಮ್ಮ ಜನ ಮಾಡುವ ಮೊದಲ ಕೆಲಸ ಬಟ್ಟೆ ಒಗೆಯುವ ಸಾಬೂನು ತಿಕ್ಕುವುದು. ಇದನ್ನು ನಾನು ಹಗುರವಾಗಿ ನೋಡುವುದಿಲ್ಲ. ಸಾಬೂನು ನೀರಿನಲ್ಲಿ ಕರಗುತ್ತದೆ, ಪೆಟ್ರೋಲಿನಲ್ಲಿ ಕರಗುವುದಿಲ್ಲ. ಲಾರಿ ಡ್ರೈವರುಗಳು ಟ್ಯಾಂಕಿನ ಸಣ್ಣ ತೂತಿಗೆ ಅದನ್ನು ಮೆತ್ತಿ ಗ್ಯಾರೇಜು ಮುಟ್ಟಿದ್ದುಂಟು. ರಸಾಯನಶಾಸ್ತ್ರ ಓದದೆ ಕಂಡುಕೊಂಡ ಸೊಗಸಾದ ರಸಾಯನಶಾಸ್ತ್ರ ಅದು. ಆದರೆ ಕಾಲ ಬದಲಾಗಿದೆ. 2023ರ ಫೆಬ್ರವರಿಯಲ್ಲಿ ಬಂಕುಗಳಿಗೆ ಬರತೊಡಗಿದ ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದ ತುಂಬ ಹಬ್ಬಿತು. ಎಥನಾಲ್ ಎಂದರೆ ಮದ್ಯಸಾರ. ಸಾಬೂನು ಅದರಲ್ಲಿ ತಕ್ಕಮಟ್ಟಿಗೆ ಕರಗುತ್ತದೆ, ಪಾರದರ್ಶಕ ಸಾಬೂನು ಮಾಡುವುದೇ ಹಾಗೆ. ಅಜ್ಜನ ಕಾಲದ ಉಪಾಯವನ್ನು ಇನ್ನು ಮೊದಲಿನಷ್ಟು ನಂಬುವಂತಿಲ್ಲ. ಮಳೆ ಬಂದರಂತೂ ಅದು ಮೊದಲೂ ನಿಲ್ಲುತ್ತಿರಲಿಲ್ಲ.

ಎರಡನೆಯ ಉಪಾಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತುವುದು. ಇದು ಪೂರ್ತಿ ತಪ್ಪು. ರಸಾಯನಶಾಸ್ತ್ರದಲ್ಲಿ ನೆಂಟಸ್ತಿಕೆಯ ನಿಯಮವೊಂದಿದೆ, ಒಂದೇ ಸ್ವಭಾವದವು ಒಂದರೊಳಗೊಂದು ಸೇರುತ್ತವೆ. ಸೈಕಲ್ ಟ್ಯೂಬಿನ ರಬ್ಬರೂ ಪೆಟ್ರೋಲೂ ಇಂಗಾಲ ಜಲಜನಕಗಳ ಸಂತತಿ. ಟ್ಯೂಬಿನಿಂದ ಒಂದು ಬಳೆಯನ್ನು ಕತ್ತರಿಸಿ ಗಾಜಿನ ಬಾಟಲಿಯಲ್ಲಿ ಪೆಟ್ರೋಲಿಗೆ ಹಾಕಿ, ಹಿತ್ತಲ ಆಚೆ ನೆರಳಿನಲ್ಲಿ ಇಟ್ಟು ನೋಡಿದ್ದೇನೆ. ಮರುದಿನ ಅದು ಮಳೆಗಾಲದ ಅಣಬೆಯಂತೆ ಉಬ್ಬಿ, ಮೆತ್ತಗಾಗಿ, ಎಳೆದರೆ ಹರಿಯುವಂತಾಗಿತ್ತು. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪಿನದ್ದು ಇದಕ್ಕೆ ತದ್ವಿರುದ್ಧ ಗತಿ. ಅದರ ಮೆತುತನ ಬೆರೆಸಿದ ಎಣ್ಣೆಯದು, ಪೆಟ್ರೋಲ್ ಅದನ್ನು ಹೀರಿಕೊಂಡರೆ ಕೆಲವೇ ವಾರಗಳಲ್ಲಿ ಪೈಪು ಹಳದಿ ತಿರುಗಿ ಕಡ್ಡಿಯಂತಾಗುತ್ತದೆ.

ಪೆಟ್ರೋಲಿಗೆಂದೇ ಇರುವ ಪೈಪಿನ ಒಳಮೈ ನೈಟ್ರೈಲ್ ರಬ್ಬರಿನದು, 1930ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿದ್ದು. ಅದರ ಸರಪಳಿಯಲ್ಲಿ ನಡುನಡುವೆ ಸಾರಜನಕವಿರುವ ಗುಂಪುಗಳನ್ನು ಪೋಣಿಸಿ ಪೆಟ್ರೋಲಿನ ನೆಂಟಸ್ತಿಕೆ ಕಡಿದಿದ್ದಾರೆ. ಡಾಕ್ಟರುಗಳು ತೊಡುವ ನೀಲಿ ಕೈಗವಸೂ ಇದೇ ಜಾತಿ, ಪೆಟ್ರೋಲ್ ಕೆಲಸಕ್ಕೆ ಅದೇ ಒಳ್ಳೆಯದು. ಎಥನಾಲಿಗೆ ಮಾತ್ರ ನೈಟ್ರೈಲ್ ಅಷ್ಟು ಅಪರಿಚಿತವಲ್ಲ. ಹಾಗಾಗಿ ಹೊಸ ಪೈಪು ಕೊಳ್ಳುವಾಗ ಎಥನಾಲ್ ತಡೆಯುವಂಥದ್ದೇ ಬೇಕು ಎಂದು ಕೇಳಿ. ಫ್ಲೋರಿನ್ ಇರುವ ರಬ್ಬರಿನ ಒಳಪದರವಿದ್ದರೆ ಇನ್ನೂ ಒಳ್ಳೆಯದು. ಹಳೆಯ ಗಾಡಿಯವರಿಗೆ ಎಥನಾಲಿನ ಇನ್ನೊಂದು ಗುಣವೂ ಗೊತ್ತಿರಲಿ. ಅದು ನೀರನ್ನು ಎಳೆದುಕೊಳ್ಳುತ್ತದೆ. ಶೇಕಡ 10 ಎಥನಾಲ್ ಇರುವ ಒಂದು ಲೀಟರ್ ಪೆಟ್ರೋಲ್ ಸುಮಾರು 5 ಮಿಲಿಲೀಟರ್ ನೀರನ್ನು ತನ್ನೊಳಗೆ ಅಡಗಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ನೀರೂ ಎಥನಾಲೂ ಕೈಹಿಡಿದು ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತವೆ. ಪೈಪಿನ ಬಾಯಿ ಇರುವುದೂ ತಳದಲ್ಲೇ.

ಮರುದಿನ ಬೆಳಿಗ್ಗೆ ಎಂಟಕ್ಕೆ ಗದ್ದೆಯ ಅಂಚಿನಲ್ಲೇ ಕೆಲಸ ಶುರುಮಾಡಿದೆವು. ಎಂಜಿನ್ ತಣ್ಣಗಿತ್ತು. ಬಾಯಲ್ಲಿ ಬೀಡಿಯಿಲ್ಲ, ಜೇಬಲ್ಲಿ ಮೊಬೈಲಿಲ್ಲ. ಬ್ಯಾಟರಿಯ ನೆಗೆಟಿವ್ ತುದಿಯನ್ನು ಮೊದಲು ಬಿಚ್ಚಿದ್ದಾಯಿತು. ಈ ಕ್ರಮಕ್ಕೆ ಕಾರಣವಿದೆ. ಪಾಸಿಟಿವ್ ಬಿಚ್ಚಲು ಹೋದ ಪಾನಾ ಗಾಡಿಯ ಮೈಗೆ ತಾಗಿದರೆ ದೊಡ್ಡ ಕಿಡಿಯೇ ಹಾರುತ್ತದೆ, ನೆಗೆಟಿವ್ ಮೊದಲೇ ಬಿಚ್ಚಿದ್ದರೆ ಹಾರುವುದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಂಡೆವು, ಭಾವನ ಕಾರಿನಲ್ಲಿದ್ದ ಪುಡಿಯ ಅಗ್ನಿಶಾಮಕವನ್ನೂ. ನೀರು ಬೇಡ. ಪೆಟ್ರೋಲ್ ನೀರಿನ ಮೇಲೆ ತೇಲುತ್ತ ಬೆಂಕಿಯನ್ನು ಅಂಗಳದ ತುಂಬ ಹೊತ್ತು ತಿರುಗುತ್ತದೆ.

ಕಾಕ್ ಮುಚ್ಚಿದೆಯೆಂದು ಖಾತ್ರಿ ಮಾಡಿಕೊಂಡು, ಕ್ಲಿಪ್ಪಿನ ಎರಡು ಕಿವಿಗಳನ್ನು ಪಕ್ಕಡಿನಿಂದ ಒತ್ತಿ ಹಿಂದೆ ಸರಿಸಿದೆ. ಭಾವ ಪೈಪನ್ನು ಎಳೆಯಲು ಕೈ ಹಾಕಿದರು. ತಡೆದೆ. ವರ್ಷಗಟ್ಟಲೆ ಅಂಟಿ ಕೂತ ಪೈಪನ್ನು ಜಗ್ಗಿದರೆ ಕಾರ್ಬೊರೇಟರಿನ ಮೂತಿಯೇ ಕಿತ್ತು ಬರಬಹುದು, ಆಗ ಸಣ್ಣ ಖರ್ಚು ದೊಡ್ಡದಾಗುತ್ತದೆ. ಹೇಗೂ ಎಸೆಯುವ ಪೈಪು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಹಲಸಿನ ತೊಳೆಯ ಹಾಗೆ ಬಿಡಿಸಿಕೊಂಡು ಬರುತ್ತದೆ. ಒಳಗಿದ್ದ ನಾಲ್ಕು ಚಮಚ ಪೆಟ್ರೋಲನ್ನು ಲೋಹದ ಡಬ್ಬಿಗೆ ಹಿಡಿದೆವು. ಅದನ್ನು ನೆಲಕ್ಕೆ ಚೆಲ್ಲಬಾರದು. ನಮ್ಮ ಚಿರೆಕಲ್ಲಿನ ನೆಲ ಜರಡಿ ಇದ್ದಂತೆ, ಅಂಗಳದಲ್ಲಿ ಚೆಲ್ಲಿದ್ದು ಬಾವಿಗೆ ಇಳಿಯಬಹುದು.

ಅಂಕೋಲೆ ಪೇಟೆಗೆ ಹೋಗುವಾಗ ಹಳೆಯ ತುಂಡನ್ನೇ ಪೊಟ್ಟಣ ಕಟ್ಟಿಕೊಂಡು ಹೋದೆ. ಒಳವ್ಯಾಸದಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಯಾವ ಕ್ಲಿಪ್ಪೂ ಅದನ್ನು ಸರಿಮಾಡುವುದಿಲ್ಲ. ಹೊಸ ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಓರೆ ಕತ್ತರಿಸಿದ ತುದಿ ಮೂತಿಯ ಮೇಲೆ ಒಂದು ಕಡೆ ಮಾತ್ರ ಕೂರುತ್ತದೆ. ಮೂತಿಗೆ ಹತ್ತದಿದ್ದರೆ ತುದಿಯನ್ನು ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ, ಲೈಟರ್ ಹಿಡಿಯಬೇಡಿ. (ಲೈಟರ್ ಹಿಡಿದವರನ್ನು ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.) ಮೂತಿಯ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಪೈಪು ಅದನ್ನು ದಾಟಿ ಒಳಗೆ ಹೋಗಬೇಕು, ಕ್ಲಿಪ್ಪು ಆ ಉಬ್ಬಿನ ಹಿಂದೆ ಕೂರಬೇಕು. ಉಬ್ಬಿನ ಮೇಲೆಯೇ ಕೂರಿಸಿದ ಕ್ಲಿಪ್ಪು ನಿಧಾನವಾಗಿ ಜಾರುತ್ತದೆ. ತಿರುಪಿನ ಕ್ಲಾಂಪ್ ಆದರೆ ಶಕ್ತಿ ತೋರಿಸಬೇಡಿ, ಅತಿಯಾಗಿ ಬಿಗಿದರೆ ಅದರ ಅಂಚೇ ರಬ್ಬರನ್ನು ಕೊಯ್ಯುತ್ತದೆ. ನಡುವೆ ಫಿಲ್ಟರ್ ಇದ್ದರೆ ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆ ನೋಡಬೇಕು. ಪೈಪು ಎಂಜಿನ್ನಿಗೂ ಸೈಲೆನ್ಸರಿನ ಬಾಗಿಗೂ ತಾಗದ ಹಾಗೆ, ಮಡಿಕೆ ಬೀಳದ ಹಾಗೆ ಸಣ್ಣದೊಂದು ಸಡಿಲ ಇಟ್ಟು ಹಾಯಿಸಬೇಕು.

ಆಮೇಲೆ ಎಲ್ಲರೂ ಮಾಡುವ ತಪ್ಪೆಂದರೆ ಕೂಡಲೇ ಕಿಕ್ ಹೊಡೆಯುವುದು. ನಾವು ಹಳೆಯ ಪತ್ರಿಕೆಯ ಹಾಳೆಯೊಂದನ್ನು ಕೆಳಗೆ ಹಾಸಿ, ಕಾಕ್ ತೆರೆದು, ಹದಿನೈದು ನಿಮಿಷ ಗದ್ದೆಯ ಬದುವಿನಲ್ಲಿ ಕೂತೆವು. ಒಂದೇ ಹನಿ ಬಿದ್ದರೂ ಪತ್ರಿಕೆಯ ಮೇಲೆ ರೂಪಾಯಿಯಗಲದ ಕಲೆ ಹರಡುತ್ತದೆ, ಆರಿದ ಮೇಲೂ ಗುರುತು ತೋರಿಸುತ್ತದೆ. ಹಾಳೆ ಒಣಗಿಯೇ ಇತ್ತು. ಆಮೇಲೆ ಬ್ಯಾಟರಿ ಜೋಡಿಸಿ ಕಿಕ್ ಹೊಡೆದೆವು.

ಇದೆಲ್ಲ ಮನೆಯಲ್ಲಿ ಮಾಡಬಹುದಾದ ಕೆಲಸವಾದದ್ದು ಆ ಬೈಕು ಹಳೆಯದಾದ್ದರಿಂದ. ಅದರಲ್ಲಿ ಪೆಟ್ರೋಲ್ ಟ್ಯಾಂಕಿನಿಂದ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಒಂದಡಿ ಎತ್ತರದ ಪೆಟ್ರೋಲ್ ಕಂಬದ ಒತ್ತಡ ವಾಯುಮಂಡಲದ ಒತ್ತಡದ ನಲವತ್ತರಲ್ಲಿ ಒಂದು ಪಾಲೂ ಇಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಮಾಲಿನ್ಯ ಮಾನದಂಡದ ಬಹುತೇಕ ಗಾಡಿಗಳಲ್ಲಿ, ಬೈಕುಗಳೂ ಸೇರಿ, ಕಾರ್ಬೊರೇಟರಿನ ಜಾಗದಲ್ಲಿ ಇಂಜೆಕ್ಟರ್ ಇದೆ, ಟ್ಯಾಂಕಿನೊಳಗೆ ಪಂಪಿದೆ. ಪೈಪಿನೊಳಗಿನ ಒತ್ತಡ ಸುಮಾರು 3 ಬಾರ್, ಅಂದರೆ ನೂರು ಪಟ್ಟಿಗೂ ಮೇಲೆ. ಅಲ್ಲಿ ಬಿರುಕು ಬಿಟ್ಟರೆ ಹನಿ ಬೀಳುವುದಿಲ್ಲ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಮಂಜಿನಂತೆ ಚಿಮ್ಮುತ್ತದೆ. ಹಳೆಯ ಬೈಕಿನ ಪೈಪನ್ನು ಇದಕ್ಕೆ ಹಾಕಿದರೆ ಕಿತ್ತು ಹಾರುತ್ತದೆ. ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಒತ್ತಡ ಇಳಿಸಿದ ಮೇಲಷ್ಟೇ ಅಂಥ ಪೈಪನ್ನು ಮುಟ್ಟಬೇಕು. ಸೋರುತ್ತಿರುವಾಗ ಎಂಜಿನ್ ಓಡಿಸುವುದು ಅಪಾಯ. ಆದ್ದರಿಂದ ನನ್ನ ಸಲಹೆ ಒಂದೇ: ಇಂಜೆಕ್ಟರ್ ಗಾಡಿ ಸೋರಿದರೆ ಕೀಲಿ ತೆಗೆದು, ದೂರ ತಳ್ಳಿ, ಮೆಕ್ಯಾನಿಕನನ್ನು ಅಲ್ಲಿಗೇ ಕರೆಸಿ.

ಹೊಸ ಡೀಸೆಲ್ ಗಾಡಿಗಳ ಉಕ್ಕಿನ ಕೊಳವೆಗಳಂತೂ ಬೇರೆಯೇ ಲೋಕ. 1600 ಬಾರ್, ಕೆಲವದರಲ್ಲಿ 2000. ಆ ಒತ್ತಡದಲ್ಲಿ ಸೂಜಿಮೊನೆಯ ತೂತಿನಿಂದ ಹೊರಡುವ ಡೀಸೆಲ್ ಶಬ್ದಕ್ಕಿಂತ ವೇಗವಾಗಿ ಚಿಮ್ಮುತ್ತದೆ. ಎಲ್ಲಿ ಸೋರುತ್ತಿದೆ ಎಂದು ಬೆರಳಾಡಿಸಿ ನೋಡಿದರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೊದಲಿಗೆ ಇರುವೆ ಕಚ್ಚಿದಷ್ಟೇ ಗುರುತು, ನೋವೂ ಅಷ್ಟಕ್ಕಷ್ಟೇ. ಕೆಲವು ಗಂಟೆಗಳಲ್ಲಿ ಒಳಗಿನ ಮಾಂಸ ಸಾಯತೊಡಗುತ್ತದೆ. ಬೆರಳು ಕಳೆದುಕೊಳ್ಳದಿರಬೇಕಾದರೆ ನೋವಿಗೆ ಕಾಯದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗೆ ಓಡಬೇಕು. ಡೀಸೆಲ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂಬ ಮಾತೂ ಪೂರ್ತಿ ನಿಜವಲ್ಲ. ಕಿಡಿಯೇ ಇಲ್ಲದೆ, ಬರಿಯ ಬಿಸಿಗೆ ಡೀಸೆಲ್ 210 ಡಿಗ್ರಿಯ ಸುಮಾರಿಗೆ ತಾನಾಗಿ ಉರಿಯಬಲ್ಲದು. ಪೆಟ್ರೋಲಿಗೆ ಅದಕ್ಕಿಂತ ಹೆಚ್ಚು ಬಿಸಿ ಬೇಕು.

ಬಾಯಲ್ಲಿ ಪೈಪು ಕಚ್ಚಿ ಪೆಟ್ರೋಲ್ ಎಳೆಯುವುದರ ಬಗ್ಗೆ ಹೇಳುವ ಅರ್ಹತೆ ನನಗಿದೆ. ಕಾರವಾರದಲ್ಲಿ ಓದುವಾಗ ಗೆಳೆಯನ ಸ್ಕೂಟರಿನಿಂದ ನಾನೂ ಎಳೆದಿದ್ದೇನೆ. ಒಂದು ಗುಟುಕು ತಪ್ಪಿ ಬಾಯಿಗೆ ಬಂತು, ಕೆಮ್ಮಿದೆ. ಅಪಾಯ ಇದ್ದದ್ದು ಹೊಟ್ಟೆಗೆ ಹೋದದ್ದರಲ್ಲಿ ಅಷ್ಟಾಗಿ ಅಲ್ಲ, ಆ ಕೆಮ್ಮಿನಲ್ಲಿ. ತೆಳುವಾದ ಪೆಟ್ರೋಲ್ ಗಂಟಲಿನಿಂದ ಶ್ವಾಸಕೋಶಕ್ಕೆ ಸಲೀಸಾಗಿ ಜಾರುತ್ತದೆ, ಒಂದೆರಡು ಮಿಲಿಲೀಟರ್ ಸಾಕು ಅಲ್ಲಿ ಉರಿಯೂತ ಎಬ್ಬಿಸಲು. ಹಾಗೆ ನುಂಗಿದವರಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು, ಹೋಗುವಾಗ ತಪ್ಪಿಸಿಕೊಂಡ ಶ್ವಾಸಕೋಶಕ್ಕೆ ಬರುವಾಗ ತಾಗುತ್ತದೆ. ನೇರ ಆಸ್ಪತ್ರೆಗೆ ಒಯ್ಯಬೇಕು. ಹಿಂಡುವ ರಬ್ಬರು ಗುಂಡು ಇರುವ ಪೈಪು ದೋಣಿಯ ಎಂಜಿನ್ ಸಾಮಾನು ಮಾರುವಲ್ಲಿ ಸಿಗುತ್ತದೆ. ಮೀನುಗಾರರು ಅದನ್ನು ಹಿಂಡಿಯೇ ಎಂಜಿನ್ನಿಗೆ ಎಣ್ಣೆ ಏರಿಸುವುದು.

ಟ್ಯಾಂಕಿಗೇ ತೂತು ಬಿದ್ದಿದ್ದರೆ ಖಾಲಿ ಮಾಡಿ ವೆಲ್ಡಿಂಗ್ ಅಂಗಡಿಗೆ ಒಯ್ಯುವವರಿದ್ದಾರೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯ ಎಂದರೆ ಯಾರೂ ನಂಬುವುದಿಲ್ಲ. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇಕಡ 7.6 ಮೀರಿದರೆ ಆಮ್ಲಜನಕ ಸಾಲದೆ ಅದು ಹೊತ್ತಿಕೊಳ್ಳುವುದಿಲ್ಲ. ಪೆಟ್ರೋಲ್ ಇರುವ ಟ್ಯಾಂಕಿನೊಳಗೆ ಆವಿ ಯಾವಾಗಲೂ ಅದಕ್ಕಿಂತ ದಟ್ಟ. ಖಾಲಿ ಮಾಡಿ ಮುಚ್ಚಳ ತೆರೆದಿಟ್ಟಾಗ ಗಾಳಿ ಒಳಗೆ ಹೋಗಿ ಅದು ತೆಳುವಾಗುತ್ತದೆ, 7.6ರಿಂದ 1.4ರವರೆಗಿನ ಎಲ್ಲ ಹದವನ್ನೂ ಹಾದು ಇಳಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ವೆಲ್ಡಿಂಗ್ ಕಿಡಿ ತಾಗಿದರೆ ಟ್ಯಾಂಕು ಬಾಂಬ್ ಆಗುತ್ತದೆ.

ಭಾವನ ಬೈಕು ಈಗಲೂ ಓಡುತ್ತಿದೆ. ಪೈಪು ಹಾಕಿದ ತಾರೀಕನ್ನು ಅವರು ಸೀಟಿನಡಿ ಬಣ್ಣದಲ್ಲಿ ಬರೆದಿಟ್ಟಿದ್ದಾರೆ. ಚೌತಿಗೆ ಊರಿಗೆ ಬಂದು ಮಳೆಗಾಲವಿಡೀ ನಿಂತ ಗಾಡಿಯ ತಾಡಪತ್ರಿ ಸರಿಸುವವರು, ಕಾಕ್ ತಿರುಗಿಸುವ ಮೊದಲು ಅದನ್ನು ಅಂಗಳದಿಂದ ಹೊರಗೆ ತಳ್ಳಿ, ಬಗ್ಗಿ, ಪೈಪಿನ ಎರಡೂ ತುದಿಗಳನ್ನು ಬೆರಳಿನಿಂದ ಮಡಿಸಿ ನೋಡಿ. ಬಿರುಕು ಕಂಡರೆ ಕಾಕ್ ಮುಟ್ಟಬೇಡಿ.